ಔಷಧ ಪ್ರಯೋಗದ ನಡುವೆಯೇ ಯೋಜನೆ ಬದಲಿಸುವುದು: ನಮಗೆ ಅಡಾಪ್ಟಿವ್ ವಿನ್ಯಾಸ ನಿಜವಾಗಿಯೂ ಬೇಕೆ?

ಕಿರಿಯ ಸಂಖ್ಯಾಶಾಸ್ತ್ರಿ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ನಾವು ಈಗ ಯೋಜಿಸುತ್ತಿರುವ ಕ್ಲಿನಿಕಲ್ ಪ್ರಯೋಗದಲ್ಲಿ ಮೂರು ಗುಂಪುಗಳಿವೆ: ಹೊಸ ಔಷಧದ ಕಡಿಮೆ ಡೋಸ್, ಹೆಚ್ಚಿನ ಡೋಸ್ ಮತ್ತು ಪ್ಲಸೀಬೊ (ಔಷಧವಿಲ್ಲದ ಹುಸಿ ಚಿಕಿತ್ಸೆ). ರೋಗಿ ಸೇರಿದ ಆರು ತಿಂಗಳ ನಂತರ ರೋಗಲಕ್ಷಣಗಳಿಗೆ ಅಂಕ ಕೊಟ್ಟು ಫಲಿತಾಂಶ ಅಳೆಯುತ್ತೇವೆ. ಪ್ಲಸೀಬೊಗಿಂತ 4 ಅಂಕಗಳ ವ್ಯತ್ಯಾಸ ಬಂದರೆ ಅದು ವೈದ್ಯಕೀಯವಾಗಿ ಅರ್ಥಪೂರ್ಣ ಎಂದು ತಜ್ಞರು ಹೇಳಿದ್ದಾರೆ. ಮಾನಕ ವಿಚಲನೆ (ಅಂಕಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆ) 10 ಎಂದು ಊಹಿಸಿ, ಶೇ. 90 ಪವರ್ (ನಿಜವಾದ ವ್ಯತ್ಯಾಸವಿದ್ದರೆ ಅದನ್ನು ಕಾಣುವ ಸಾಧ್ಯತೆ) ಇಟ್ಟುಕೊಂಡು ಲೆಕ್ಕ ಹಾಕಿದಾಗ ಪ್ರತಿ ಗುಂಪಿಗೆ 132, ಒಟ್ಟು 396 ರೋಗಿಗಳು ಬೇಕಾಗುತ್ತಾರೆ. ತಿಂಗಳಿಗೆ ಸುಮಾರು 22 ಮಂದಿ ಸೇರಬಹುದು ಎಂಬ ಅಂದಾಜಿದೆ.

ತಂಡದ ಮುಖ್ಯ ಸಂಶೋಧಕರು ಇತ್ತೀಚೆಗೆ ಒಂದು ಕಾರ್ಯಾಗಾರಕ್ಕೆ ಹೋಗಿ ಬಂದ ಮೇಲೆ, ಇಡೀ ಪ್ರಯೋಗವನ್ನು ಅಡಾಪ್ಟಿವ್ (ನಡುವಿನ ದತ್ತಾಂಶ ನೋಡಿ ಹೊಂದಿಸಿಕೊಳ್ಳುವಂಥದ್ದು) ಮಾಡೋಣ ಎಂದು ಹಿಡಿದ ಪಟ್ಟು ಬಿಡುತ್ತಿಲ್ಲ. ಅವರ ಬೇಡಿಕೆ ಹೀಗಿದೆ: ಅರ್ಧ ದಾರಿಯಲ್ಲಿ ಅಂಕಿಅಂಶ ನೋಡಿ ಸೋಲುತ್ತಿರುವ ಡೋಸನ್ನು ಕೈಬಿಡಬೇಕು, ಅಗತ್ಯ ಬಿದ್ದರೆ ಮಾದರಿ ಗಾತ್ರವನ್ನು ಹೆಚ್ಚಿಸಬೇಕು, ಜೊತೆಗೆ ಗೆಲ್ಲುತ್ತಿರುವ ಗುಂಪಿಗೆ ಹೆಚ್ಚು ರೋಗಿಗಳನ್ನು ಹಂಚುವ ಏರ್ಪಾಡೂ ಇರಬೇಕು. ಕೇಳುವುದಕ್ಕೆ ಎಲ್ಲವೂ ಚೆನ್ನಾಗಿದೆ. ಆದರೆ ಇವುಗಳಲ್ಲಿ ಯಾವುದು ನಮಗೆ ಲಾಭ, ಯಾವುದು ಬರೀ ಆಡಂಬರ ಎಂಬುದು ನನಗೆ ತಿಳಿಯುತ್ತಿಲ್ಲ. ಅನುಭವವಿದ್ದವರು ದಯವಿಟ್ಟು ಬಿಡಿಸಿ ಹೇಳಿ.

ಹಳೆಯ ಲೆಕ್ಕಿಗ

ಮೊದಲು ಒಂದು ಮಾತು ಸ್ಪಷ್ಟವಾಗಿರಲಿ. ಅಡಾಪ್ಟಿವ್ ವಿನ್ಯಾಸವೆಂದರೆ ನಡುವೆ ಮನಸ್ಸಿಗೆ ಬಂದಂತೆ ಬದಲಿಸುವುದಲ್ಲ. ಯಾವಾಗ ನೋಡುತ್ತೇವೆ, ಯಾರು ನೋಡುತ್ತಾರೆ, ಏನು ಕಂಡರೆ ಏನು ಮಾಡುತ್ತೇವೆ ಎಂಬುದಷ್ಟೂ ಮೊದಲ ರೋಗಿ ಸೇರುವ ಮುನ್ನವೇ ಪ್ರಯೋಗದ ಲಿಖಿತ ಯೋಜನೆಯಾದ ಪ್ರೋಟೋಕಾಲ್‌ನಲ್ಲಿ ಬರೆದಿರಬೇಕು. ಅಮೆರಿಕದ ಔಷಧ ನಿಯಂತ್ರಕ ಸಂಸ್ಥೆ ಎಫ್‌ಡಿಎ 2019ರಲ್ಲಿ ಅಂತಿಮಗೊಳಿಸಿದ ಮಾರ್ಗದರ್ಶಿಯ ವ್ಯಾಖ್ಯಾನವೂ ಇದನ್ನೇ ಹೇಳುತ್ತದೆ: ಬದಲಾವಣೆಗಳು ಮುಂಚಿತವಾಗಿ ಯೋಜಿತವಾಗಿರಬೇಕು. ಹಾಗಿಲ್ಲದಿದ್ದರೆ ಅದು ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ ಆಗುತ್ತದೆ.

ಇನ್ನು ನಡುವೆ ನೋಡುವುದಕ್ಕೆ ತೆರಬೇಕಾದ ಬೆಲೆಯ ವಿಷಯ. ಔಷಧದಲ್ಲಿ ಏನೂ ಹುರುಳಿಲ್ಲ ಎಂದುಕೊಳ್ಳೋಣ. ಒಂದೇ ಸಲ, ಕೊನೆಯಲ್ಲಿ, ಶೇ. 5ರ ಮಟ್ಟದಲ್ಲಿ ಪರೀಕ್ಷಿಸಿದರೆ ಹುಸಿ ಗೆಲುವಿನ ಸಾಧ್ಯತೆ ಶೇ. 5 ಮಾತ್ರ. ಅದೇ ಮಟ್ಟವನ್ನು ಇಟ್ಟುಕೊಂಡು ಸಮಾನ ಅಂತರದಲ್ಲಿ ಎರಡು ಸಲ ನೋಡಿದರೆ ಅದು ಶೇ. 8.3 ಆಗುತ್ತದೆ, ಐದು ಸಲಕ್ಕೆ ಶೇ. 14.2, ಹತ್ತು ಸಲಕ್ಕೆ ಶೇ. 19.3. ಆರ್ಮಿಟೇಜ್ ಮತ್ತು ಸಂಗಡಿಗರು 1969ರಲ್ಲೇ ಈ ಲೆಕ್ಕವನ್ನು ಮುಂದಿಟ್ಟಿದ್ದರು. ಪೊಕಾಕ್ (1977), ಓಬ್ರಿಯನ್ ಮತ್ತು ಫ್ಲೆಮಿಂಗ್ (1979), ಲ್ಯಾನ್ ಮತ್ತು ಡಿಮೆಟ್ಸ್ (1983) ಕೊಟ್ಟ ಗಡಿಗಳೆಲ್ಲ ಈ ಸೋರಿಕೆಯನ್ನು ಮುಚ್ಚಲು ಹುಟ್ಟಿದವು. ಎರಡೇ ನೋಟಗಳಿದ್ದರೆ ಪೊಕಾಕ್ ವಿಧಾನ ಪ್ರತಿ ಸಲವೂ 0.0294 ಎಂಬ ಪಿ-ಮೌಲ್ಯದ (ಔಷಧ ನಿಷ್ಪ್ರಯೋಜಕವಾಗಿದ್ದರೂ ಇಷ್ಟು ಅಥವಾ ಇನ್ನೂ ದೊಡ್ಡ ವ್ಯತ್ಯಾಸ ಆಕಸ್ಮಿಕವಾಗಿ ಕಾಣುವ ಸಾಧ್ಯತೆ) ಗಡಿ ಇಡುತ್ತದೆ. ಓಬ್ರಿಯನ್-ಫ್ಲೆಮಿಂಗ್ ಮೊದಲ ನೋಟದಲ್ಲಿ ಸುಮಾರು 0.005ರ ಕಠಿಣ ಗಡಿಯಿಟ್ಟು, ಕೊನೆಗೆ 0.048 ಉಳಿಸಿಕೊಡುತ್ತದೆ. ಎರಡನೆಯದು ಜನಪ್ರಿಯವಾದದ್ದಕ್ಕೆ ಕಾರಣ ಸರಳ: ಕೊನೆಯಲ್ಲಿ ಬಹುತೇಕ ಏನನ್ನೂ ಕಳೆದುಕೊಳ್ಳಬೇಕಾಗಿಲ್ಲ.

ಬೇಸಿಯನ್ ಪಕ್ಷಪಾತಿ

ನೋಡಿದ್ದಕ್ಕೆ ದಂಡ ಕಟ್ಟುವ ಈ ಪದ್ಧತಿಯೇ ವಿಚಿತ್ರ. ಕೈಯಲ್ಲಿರುವ ಪುರಾವೆ ಎಷ್ಟಿದೆಯೋ ಅಷ್ಟೇ ಇದೆ. ನೀವು ಅದನ್ನು ಎಷ್ಟು ಸಲ ನೋಡಿದಿರಿ ಎಂಬುದರಿಂದ ಅದು ಹೇಗೆ ಬದಲಾಗುತ್ತದೆ? ಔಷಧ ಮೇಲು ಎಂಬುದರ ಬೇಸಿಯನ್ ಸಂಭವನೀಯತೆ ಪ್ರತಿ ರೋಗಿಯ ನಂತರವೂ ತಿದ್ದುಪಡಿಯಾಗುತ್ತದೆ, ಯಾರಿಗೂ ದಂಡವಿಲ್ಲ.

ಹಳೆಯ ಲೆಕ್ಕಿಗ

ತತ್ತ್ವಕ್ಕೆ ಅದು ಸರಿ ಸ್ವಾಮಿ. ಆದರೆ ನಿಯಂತ್ರಕರ ಮುಂದೆ ಹೋದಾಗ, ಔಷಧ ನಿಷ್ಪ್ರಯೋಜಕವಾಗಿದ್ದರೂ ನಿಮ್ಮ ನಿಯಮ ಎಷ್ಟು ಸಲ ಗೆದ್ದೆನೆಂದು ಘೋಷಿಸುತ್ತದೆ ಎಂದು ಅವರು ಕೇಳಿಯೇ ಕೇಳುತ್ತಾರೆ. ಆಗ ನೀವೂ ಸಾವಿರಾರು ಸಿಮ್ಯುಲೇಶನ್ ನಡೆಸಿ, ಆ ಪ್ರಮಾಣ ಹಿಡಿತದಲ್ಲಿ ಇರುವಂತೆ ನಿಮ್ಮ ಸಂಭವನೀಯತೆಯ ಶೇ. 97.5ರ ಗಡಿಯನ್ನೋ ಶೇ. 99ರ ಗಡಿಯನ್ನೋ ಹೊಂದಿಸುತ್ತೀರಿ. ದಂಡದ ಹೆಸರು ಬದಲಾಯಿತು, ಮೊತ್ತ ಅದೇ.

ವಾರ್ಡಿನ ವೈದ್ಯೆ

ಬೇಸಿಯನ್ ಗಡಿ ಎಂದಾಗ ನನಗೆ ಎಬೋಲಾ ಕಾಲದ ಪ್ರಿವೇಲ್ 2 ಪ್ರಯೋಗ ನೆನಪಾಗುತ್ತದೆ. ಝೀಮ್ಯಾಪ್ ಔಷಧವನ್ನು ಅಲ್ಲಿ ಪರೀಕ್ಷಿಸುತ್ತಿದ್ದರು. ಸಾಂಕ್ರಾಮಿಕ ಇಳಿಮುಖವಾದ್ದರಿಂದ 72 ರೋಗಿಗಳು ಸೇರುವಷ್ಟರಲ್ಲಿ ಪ್ರಯೋಗ ಮುಗಿದುಹೋಯಿತು. ಫಲಿತಾಂಶ ಲೆಕ್ಕಕ್ಕೆ ಸಿಕ್ಕ 71 ಮಂದಿಯಲ್ಲಿ, ಸಾಮಾನ್ಯ ಆರೈಕೆಯ 35ರಲ್ಲಿ 13 ಮಂದಿ, ಝೀಮ್ಯಾಪ್ ಪಡೆದ 36ರಲ್ಲಿ 8 ಮಂದಿ ತೀರಿಕೊಂಡರು. ಔಷಧ ಮೇಲು ಎಂಬ ಸಂಭವನೀಯತೆ ಶೇ. 91.2 ಬಂತು, ಮೊದಲೇ ಬರೆದಿಟ್ಟ ಗಡಿ ಶೇ. 97.5 ಇತ್ತು. ಆದ್ದರಿಂದ ಸಾಬೀತಾಯಿತು ಎನ್ನುವಂತಿರಲಿಲ್ಲ. ವೈದ್ಯೆಯಾಗಿ ನಾನು ಆ 91ನ್ನು ಸುಮ್ಮನೆ ತಳ್ಳಿಹಾಕಲಾರೆ, ಆದರೆ ನಂತರ ಕಾಂಗೋದಲ್ಲಿ ನಡೆದ ಪಾಮ್ ಪ್ರಯೋಗದಲ್ಲಿ ಅದೇ ಝೀಮ್ಯಾಪ್ ಇನ್ನೆರಡು ಪ್ರತಿಕಾಯ ಚಿಕಿತ್ಸೆಗಳ ಮುಂದೆ ಹಿಂದೆ ಬಿತ್ತು. 2019ರ ಆಗಸ್ಟ್‌ನಲ್ಲಿ ಮಧ್ಯಂತರ ವಿಶ್ಲೇಷಣೆಯ ಆಧಾರದ ಮೇಲೆ ಅದನ್ನು ಕೈಬಿಟ್ಟು, ಉಳಿದ ರೋಗಿಗಳನ್ನು ಮೇಲಾದ ಆ ಎರಡು ಚಿಕಿತ್ಸೆಗಳಿಗೇ ಹಂಚಿದರು. ನನ್ನ ಮಟ್ಟಿಗೆ ಅಡಾಪ್ಟಿವ್ ವಿನ್ಯಾಸಕ್ಕೆ ಇದಕ್ಕಿಂತ ದೊಡ್ಡ ಸಮರ್ಥನೆ ಬೇಕಿಲ್ಲ.

ಗಡಿಯಾರ ನೋಡುವವ

ಪ್ರಶ್ನೆ ಕೇಳಿದವರು ಕೊಟ್ಟ ಸಂಖ್ಯೆಗಳನ್ನು ಯಾರೂ ಗಮನಿಸಿದಂತಿಲ್ಲ. ಎಬೋಲಾದಲ್ಲಿ ಫಲಿತಾಂಶ 28 ದಿನಗಳಲ್ಲಿ ಸಿಗುತ್ತದೆ. ಇವರ ಪ್ರಯೋಗದಲ್ಲಿ ಅದು ಸಿಗುವುದಕ್ಕೆ ಆರು ತಿಂಗಳು ಬೇಕು.

ತಿಂಗಳಿಗೆ 22ರಂತೆ 396 ರೋಗಿಗಳು 18 ತಿಂಗಳಲ್ಲಿ ಸೇರುತ್ತಾರೆ. ಅರ್ಧದಷ್ಟು, ಅಂದರೆ 198 ಮಂದಿ, ಒಂಬತ್ತನೆಯ ತಿಂಗಳ ಕೊನೆಗೆ ಸೇರಿರುತ್ತಾರೆ. ಅವರೆಲ್ಲರ ಆರು ತಿಂಗಳ ಅಂಕ ಕೈಗೆ ಬರುವುದು ಹದಿನೈದನೆಯ ತಿಂಗಳಿಗೆ. ಅಷ್ಟು ಹೊತ್ತಿಗೆ 330 ಮಂದಿ ಸೇರಿಯಾಗಿರುತ್ತದೆ. ದತ್ತಾಂಶ ಶುದ್ಧಗೊಳಿಸಲು, ಸಮಿತಿ ಸೇರಲು ಇನ್ನೊಂದು ತಿಂಗಳು ಹಿಡಿದರೆ 352. ಉಳಿಯುವುದು 44 ರೋಗಿಗಳು. ಸೋತ ಡೋಸನ್ನು ಆಗ ಕೈಬಿಟ್ಟರೆ ಆ ಗುಂಪಿಗೆ ಹೋಗಬೇಕಿದ್ದ ಹದಿನೈದು ಮಂದಿಯನ್ನು ಉಳಿಸಿದಂತಾಗುತ್ತದೆ. ಇದಕ್ಕಾಗಿ ಸ್ವತಂತ್ರ ಸಮಿತಿ, ಬಹುಹೋಲಿಕೆಯ ತಿದ್ದುಪಡಿ, ಸಿಮ್ಯುಲೇಶನ್ ವರದಿ, ಎರಡು ಪಟ್ಟು ಔಷಧ ಪ್ಯಾಕಿಂಗ್ ಯೋಜನೆ. ಬೆಟ್ಟ ಅಗೆದು ಇಲಿ ಹಿಡಿಯುವ ಕೆಲಸ ಇದು.

ಕಿರಿಯ ಸಂಖ್ಯಾಶಾಸ್ತ್ರಿ

ಸರ್, ಈ ಲೆಕ್ಕವನ್ನು ನಾನೇ ಹಾಕಬೇಕಿತ್ತು, ಹಾಕಿರಲಿಲ್ಲ. ಧನ್ಯವಾದ. ಹಾಗಾದರೆ ಎರಡನೆಯ ತಿಂಗಳ ಅಂಕವನ್ನು ನೋಡಿ ಡೋಸ್ ಕೈಬಿಡಬಹುದೇ?

ಗಡಿಯಾರ ನೋಡುವವ

ಎರಡನೆಯ ತಿಂಗಳ ಅಂಕ ಆರನೆಯ ತಿಂಗಳ ಅಂಕವನ್ನು ನಿಜವಾಗಿಯೂ ಮುನ್ಸೂಚಿಸುತ್ತದೆ ಎಂಬುದಕ್ಕೆ ನಿಮ್ಮಲ್ಲಿ ಹಿಂದಿನ ಅಧ್ಯಯನಗಳ ಆಧಾರವಿದ್ದರೆ ಮಾಡಬಹುದು. ಪ್ರಾಸ್ಟೇಟ್ ಕ್ಯಾನ್ಸರಿನ ಸ್ಟ್ಯಾಂಪೀಡ್ ಪ್ರಯೋಗ ಇದೇ ಉಪಾಯವನ್ನು ಬಳಸಿತು. 2005ರಲ್ಲಿ ಆರು ಗುಂಪುಗಳೊಂದಿಗೆ ಆರಂಭವಾದ ಆ ಪ್ರಯೋಗದಲ್ಲಿ ಅಂತಿಮ ಅಳತೆ ಬದುಕುಳಿಯುವಿಕೆ; ಆದರೆ ನಡುವಿನ ಹಂತಗಳಲ್ಲಿ ಗುಂಪುಗಳನ್ನು ಕೈಬಿಡಲು ಬೇಗ ಸಿಗುವ ಚಿಕಿತ್ಸಾ ವೈಫಲ್ಯದ ಅಳತೆಯನ್ನು ಇಟ್ಟುಕೊಂಡರು. ಸೆಲೆಕಾಕ್ಸಿಬ್ ಗುಂಪುಗಳು 2011ರಲ್ಲಿ ಹಾಗೆ ನಿಂತವು, ಅದೇ ವರ್ಷ ಅಬಿರಾಟೆರೋನ್ ಹೊಸದಾಗಿ ಸೇರಿತು. ಒಂದೇ ಪ್ರೋಟೋಕಾಲ್, ಒಂದೇ ನಿಯಂತ್ರಣ ಗುಂಪು, ಬಂದು ಹೋಗುವ ಚಿಕಿತ್ಸೆಗಳು. ಆದರೆ ಅದು ವರ್ಷಗಟ್ಟಲೆ ನಡೆಯುವ ಪ್ರಯೋಗ, ಅಲ್ಲಿ ಬಿಟ್ಟು ಉಳಿಸುವುದಕ್ಕೆ ಸಮಯವಿತ್ತು.

ಪ್ರೋಟೋಕಾಲ್ ತಿದ್ದುವವಳು

ಇನ್ನೊಂದು ತಿದ್ದುಪಡಿ. ನಿಮ್ಮ 132 ಎಂಬ ಸಂಖ್ಯೆ ಒಂದೇ ಹೋಲಿಕೆಗೆ ಲೆಕ್ಕ ಹಾಕಿದ್ದು. ನೀವು ಎರಡು ಡೋಸ್‌ಗಳನ್ನು ಪ್ಲಸೀಬೊ ಜೊತೆ ಹೋಲಿಸುತ್ತಿದ್ದೀರಿ. ಬಾನ್‌ಫೆರೋನಿ ಪ್ರಕಾರ ಶೇ. 5ರ ಮಟ್ಟವನ್ನು ಎರಡು ಹೋಲಿಕೆಗಳಿಗೆ ತಲಾ 0.025 ಹಂಚಿದರೆ ಪ್ರತಿ ಗುಂಪಿಗೆ 156, ಒಟ್ಟು 468 ಬೇಕು. ಡನೆಟ್ ವಿಧಾನ ಬಳಸಿದರೆ ಸ್ವಲ್ಪ ಕಡಿಮೆಯಾಗಬಹುದು. ಅಡಾಪ್ಟಿವ್ ಆಗಲಿ ಬಿಡಲಿ, ಇದನ್ನು ಮೊದಲು ಸರಿಪಡಿಸಿಕೊಳ್ಳಿ.

ಕಿರಿಯ ಸಂಖ್ಯಾಶಾಸ್ತ್ರಿ

ನಾಚಿಕೆಯಾಗುತ್ತಿದೆ ಮೇಡಂ. ಇಂದೇ ಸರಿಪಡಿಸುತ್ತೇನೆ.

ವಾರ್ಡಿನ ವೈದ್ಯೆ

ನಾಚಿಕೆ ಏಕೆ, ಎಷ್ಟೋ ಪ್ರೋಟೋಕಾಲ್‌ಗಳು ಈ ತಪ್ಪನ್ನು ಹೊತ್ತುಕೊಂಡೇ ನೈತಿಕ ಸಮಿತಿಯ ಮುಂದೆ ಬರುತ್ತವೆ.

ಸಂಶೋಧನಾ ವಿದ್ಯಾರ್ಥಿ

ನನ್ನದೊಂದು ಸಣ್ಣ ಪ್ರಶ್ನೆ. ಗೆಲ್ಲುತ್ತಿರುವ ಗುಂಪಿಗೆ ಹೆಚ್ಚು ರೋಗಿಗಳನ್ನು ಕಳಿಸುವುದು ನೈತಿಕವಾಗಿ ಎಲ್ಲಕ್ಕಿಂತ ಒಳ್ಳೆಯ ಉಪಾಯವಲ್ಲವೇ? ಅದಕ್ಕೆ ಇಷ್ಟು ವಿರೋಧ ಏಕೆ ಎಂದು ತಿಳಿಯುತ್ತಿಲ್ಲ.

ಹಳೆಯ ಲೆಕ್ಕಿಗ

ಈ ಆಲೋಚನೆ ಹೊಸದಲ್ಲ, ಥಾಂಪ್ಸನ್ 1933ರಲ್ಲೇ ಬರೆದಿದ್ದರು. ಅದರ ಅತ್ಯಂತ ಪ್ರಸಿದ್ಧ ಪ್ರಯೋಗ 1985ರಲ್ಲಿ ಪ್ರಕಟವಾಯಿತು: ಉಸಿರಾಟ ವಿಫಲವಾದ ನವಜಾತ ಶಿಶುಗಳಿಗೆ ದೇಹದ ಹೊರಗೆ ರಕ್ತಕ್ಕೆ ಆಮ್ಲಜನಕ ಸೇರಿಸುವ ಎಕ್ಮೋ ಚಿಕಿತ್ಸೆ. ಮಡಕೆಯಿಂದ ಚೆಂಡು ಎತ್ತಿ ಚಿಕಿತ್ಸೆ ನಿರ್ಧರಿಸಿ, ಗೆದ್ದ ಚಿಕಿತ್ಸೆಯ ಚೆಂಡನ್ನು ಇನ್ನಷ್ಟು ಹಾಕುತ್ತ ಹೋಗುವ ನಿಯಮ ಅದರದ್ದು. ಕೊನೆಗೆ ಎಕ್ಮೋ ಪಡೆದ 11 ಶಿಶುಗಳೂ ಬದುಕಿದವು. ಸಾಂಪ್ರದಾಯಿಕ ಚಿಕಿತ್ಸೆ ಪಡೆದದ್ದು ಒಂದೇ ಒಂದು ಶಿಶು, ಅದು ತೀರಿಕೊಂಡಿತು. ಹನ್ನೊಂದರ ಎದುರು ಒಂದು! ಯಾರಿಗೆ ಮನವರಿಕೆಯಾಗಬೇಕು? ಆ ಒಂದು ಶಿಶು ಮೊದಲೇ ಹೆಚ್ಚು ಗಂಭೀರ ಸ್ಥಿತಿಯಲ್ಲಿತ್ತೋ ಏನೋ ಎಂಬ ಅನುಮಾನಕ್ಕೆ ಆ ವಿನ್ಯಾಸದಲ್ಲಿ ಉತ್ತರವಿರಲಿಲ್ಲ. ಪರಿಣಾಮವಾಗಿ ಮತ್ತೆ ಪ್ರಯೋಗಗಳು ಬೇಕಾದವು. ಬ್ರಿಟನ್ನಿನಲ್ಲಿ 185 ಶಿಶುಗಳೊಂದಿಗೆ ಸಮಾನ ಹಂಚಿಕೆಯ ಪ್ರಯೋಗ ನಡೆದು, 1996ರಲ್ಲಿ ಫಲಿತಾಂಶ ಹೊರಬಂತು: ಎಕ್ಮೋ ಗುಂಪಿನ 93ರಲ್ಲಿ 30, ಸಾಂಪ್ರದಾಯಿಕ ಗುಂಪಿನ 92ರಲ್ಲಿ 54 ಸಾವು. ಅನುಮಾನ ತೀರಿದ್ದು ಆಗ. ಮೊದಲ ಪ್ರಯೋಗ ಉಳಿಸಿದಂತೆ ಕಂಡ ಜೀವಗಳ ಲೆಕ್ಕವನ್ನು ಈ 54ರ ಪಕ್ಕದಲ್ಲಿ ಇಟ್ಟು ನೋಡಿ.

ಬೇಸಿಯನ್ ಪಕ್ಷಪಾತಿ

ಇದು ಅನ್ಯಾಯದ ವಾದ. ಚೆಂಡಿನ ನಿಯಮ ಅತಿ ಆತುರದ್ದಾಗಿತ್ತು ಎಂಬುದನ್ನು ಒಪ್ಪುತ್ತೇನೆ, ಆದರೆ 1985ರ ಆ ಹನ್ನೆರಡು ಶಿಶುಗಳನ್ನು ಮುಂದಿಟ್ಟುಕೊಂಡು ಇಂದಿಗೂ ಇಡೀ ವಿಧಾನವನ್ನು ಹಳಿಯುವುದು ಸರಿಯಲ್ಲ. ಸ್ತನ ಕ್ಯಾನ್ಸರಿನ ಐ-ಸ್ಪೈ 2 ನೋಡಿ. 2010ರಿಂದ ನಡೆಯುತ್ತ ಬಂದಿರುವ ಆ ಪ್ರಯೋಗದಲ್ಲಿ ಗಡ್ಡೆಯ ಉಪಬಗೆಗೆ ತಕ್ಕಂತೆ ಹಂಚಿಕೆಯ ಪ್ರಮಾಣ ಬದಲಾಗುತ್ತದೆ. ಯಾವ ಔಷಧ ಯಾವ ಉಪಬಗೆಗೆ ಹೊಂದುತ್ತದೆ ಎಂಬುದನ್ನು ಬೇಗ ಕಂಡುಕೊಂಡು ಮುಂದಿನ ಹಂತಕ್ಕೆ ದಾಟಿಸುವುದು ಅದರ ಕೆಲಸ. ನೆರಾಟಿನಿಬ್, ವೆಲಿಪಾರಿಬ್ ಹಾಗೆ ದಾಟಿದವು. ಅನೇಕ ಔಷಧ, ಅನೇಕ ಉಪಬಗೆ ಇರುವಲ್ಲಿ ಸಮಾನ ಹಂಚಿಕೆ ದುಂದುಗಾರಿಕೆ.

ಹಳೆಯ ಲೆಕ್ಕಿಗ

ಅದು ಎರಡನೆಯ ಹಂತದ, ಹುಡುಕಾಟದ ಪ್ರಯೋಗ. ಅಲ್ಲಿ ನನಗೆ ತಕರಾರಿಲ್ಲ. ಒಂದು ಔಷಧ, ಒಂದು ನಿಯಂತ್ರಣ, ಅಂತಿಮ ತೀರ್ಪು ಬೇಕಾದ ಜಾಗದಲ್ಲಿ ತಕರಾರಿದೆ.

ದತ್ತಾಂಶದ ಕಾವಲುಗಾರ

ಆ ತಕರಾರಿಗೆ ನಾನೊಂದು ಲೆಕ್ಕ ಸೇರಿಸುತ್ತೇನೆ, ವಿದ್ಯಾರ್ಥಿಗಳಿಗೆ ಉಪಯೋಗವಾದೀತು. ಏನೂ ಕೆಲಸ ಮಾಡದ ಒಂದು ಔಷಧವಿದೆ ಎಂದುಕೊಳ್ಳಿ. ಮೊದಲ 100 ರೋಗಿಗಳನ್ನು 50-50 ಹಂಚಿದೆವು, ಆಗ ರೋಗ ತೀವ್ರವಾಗಿದ್ದು ಎರಡೂ ಕಡೆ ಶೇ. 40 ಸಾವು. ಆಕಸ್ಮಿಕವಾಗಿ ಔಷಧದ ಕಡೆ ಏನೋ ಒಳ್ಳೆಯದು ಕಂಡು ಹಂಚಿಕೆ 80-20ಕ್ಕೆ ಬದಲಾಯಿತು. ಅಷ್ಟರಲ್ಲಿ ಆರೈಕೆ ಸುಧಾರಿಸಿ, ಮುಂದಿನ 100 ರೋಗಿಗಳಲ್ಲಿ ಎರಡೂ ಕಡೆ ಸಾವು ಶೇ. 20ಕ್ಕೆ ಇಳಿಯಿತು. ಈಗ ಒಟ್ಟು ಹಾಕಿ. ಔಷಧದ ಕಡೆ 20 ಮತ್ತು 16 ಸೇರಿ 130ರಲ್ಲಿ 36 ಸಾವು, ಶೇ. 27.7. ನಿಯಂತ್ರಣದ ಕಡೆ 20 ಮತ್ತು 4 ಸೇರಿ 70ರಲ್ಲಿ 24, ಶೇ. 34.3. ನೀರಿನಷ್ಟೇ ಶಕ್ತಿಯ ಔಷಧ ಸುಮಾರು ಆರೂವರೆ ಶೇಕಡಾ ಅಂಶಗಳಷ್ಟು ಜೀವ ಉಳಿಸಿದಂತೆ ಕಾಣುತ್ತದೆ.

ಪರಿಹಾರವೇನೋ ಇದೆ, ಕಾಲಖಂಡಗಳ ಪ್ರಕಾರ ಬೇರ್ಪಡಿಸಿ ವಿಶ್ಲೇಷಿಸಬೇಕು. ಹಾಗೆ ಮಾಡಿದರೆ ಎರಡೂ ಖಂಡಗಳಲ್ಲಿ ವ್ಯತ್ಯಾಸ ಸೊನ್ನೆ ಎಂಬುದು ತಕ್ಷಣ ಕಾಣುತ್ತದೆ. ಆದರೆ 80-20 ಹಂಚಿಕೆಯ ಖಂಡ ಸಮಾನ ಹಂಚಿಕೆಯ ಖಂಡದಷ್ಟು ಮಾಹಿತಿ ಕೊಡುವುದಿಲ್ಲ, ಆದ್ದರಿಂದ ಗಳಿಸಿದ್ದೆಂದುಕೊಂಡದ್ದು ಅಲ್ಲೇ ಕರಗುತ್ತದೆ.

ಸಂಶೋಧನಾ ವಿದ್ಯಾರ್ಥಿ

ಈಗ ಅರ್ಥವಾಯಿತು. ಕೋವಿಡ್ ಸಮಯದಲ್ಲಂತೂ ತಿಂಗಳಿಂದ ತಿಂಗಳಿಗೆ ಆರೈಕೆ ಬದಲಾಗುತ್ತಿತ್ತು. ಹಾಗಿದ್ದೂ ಬ್ರಿಟನ್ನಿನ ರಿಕವರಿ ಎಂಬ ಕೋವಿಡ್ ಪ್ರಯೋಗದವರು ಡೆಕ್ಸಾಮೆಥಾಸೋನ್ ಔಷಧ ಗೆಲ್ಲುತ್ತಿದೆ ಎಂದು ಕಂಡು ಪ್ರಯೋಗ ನಿಲ್ಲಿಸಿದರಲ್ಲ?

ದತ್ತಾಂಶದ ಕಾವಲುಗಾರ

ಈ ತಪ್ಪು ಕಲ್ಪನೆ ಎಲ್ಲ ಕಡೆ ಇದೆ, ಆದ್ದರಿಂದ ವಿವರವಾಗಿ ಹೇಳುತ್ತೇನೆ. 2020ರ ಜೂನ್ 8ರಂದು ಡೆಕ್ಸಾಮೆಥಾಸೋನ್ ಗುಂಪಿಗೆ ಸೇರ್ಪಡೆ ನಿಲ್ಲಿಸಿದ್ದು, ತೀರ್ಮಾನಕ್ಕೆ ಸಾಕಾಗುವಷ್ಟು ರೋಗಿಗಳು ಸೇರಿದ್ದಾರೆ ಎಂಬ ಕಾರಣಕ್ಕೆ. ಫಲಿತಾಂಶ ಹೊರಬಂದದ್ದು ಆಮೇಲೆ, ಜೂನ್ 16ರಂದು: ಔಷಧ ಪಡೆದ 2,104 ಮಂದಿಯಲ್ಲಿ 28 ದಿನಗಳೊಳಗೆ ಶೇ. 22.9 ಸಾವು, ಸಾಮಾನ್ಯ ಆರೈಕೆಯ 4,321 ಮಂದಿಯಲ್ಲಿ ಶೇ. 25.7. ವೆಂಟಿಲೇಟರ್‌ನಲ್ಲಿದ್ದವರಲ್ಲಿ ವ್ಯತ್ಯಾಸ ಇನ್ನೂ ದೊಡ್ಡದು, ಶೇ. 29.3ಕ್ಕೆ ಎದುರಾಗಿ ಶೇ. 41.4. ನಡುವೆ ದತ್ತಾಂಶ ನೋಡಿ ನಿಲ್ಲಿಸಿದ್ದು ಹೈಡ್ರಾಕ್ಸಿಕ್ಲೋರೋಕ್ವಿನ್ ಗುಂಪನ್ನು. ಜೂನ್ 5ರಂದು ಅದರಿಂದ ಲಾಭವಿಲ್ಲ ಎಂದು ಘೋಷಿಸಿದರು.

ರಿಕವರಿಯ ಹೊಂದಾಣಿಕೆ ಇದ್ದದ್ದು ಗುಂಪುಗಳನ್ನು ಸೇರಿಸುವುದರಲ್ಲಿ ಮತ್ತು ತೆಗೆಯುವುದರಲ್ಲಿ. ಗೆಲ್ಲುವ ಕಡೆಗೆ ಹಂಚಿಕೆಯನ್ನು ವಾಲಿಸುವ ಆಟವನ್ನು ಅವರು ಆಡಲಿಲ್ಲ.

ಬೇಸಿಯನ್ ಪಕ್ಷಪಾತಿ

ರೀಮ್ಯಾಪ್-ಕ್ಯಾಪ್ ಎಂಬ ಪ್ರಯೋಗ ಆ ಆಟ ಆಡಿತು, ಟೋಸಿಲಿಝುಮ್ಯಾಬ್ ಔಷಧದ ವಿಷಯದಲ್ಲಿ ಉಪಯುಕ್ತ ಉತ್ತರವನ್ನೂ ಕೊಟ್ಟಿತು. ಅದನ್ನೂ ಹೇಳಿ.

ದತ್ತಾಂಶದ ಕಾವಲುಗಾರ

ಹೇಳಿದ್ದೀರಲ್ಲ, ಒಪ್ಪಿಕೊಂಡೆ. ಅದರ ಮಾದರಿಯಲ್ಲಿ ಕಾಲದ ಪ್ರಭಾವಕ್ಕೂ ಜಾಗವಿತ್ತು ಎಂಬುದನ್ನು ಮಾತ್ರ ಮರೆಯಬೇಡಿ.

ಪ್ರೋಟೋಕಾಲ್ ತಿದ್ದುವವಳು

ಮಾದರಿ ಗಾತ್ರ ಹೆಚ್ಚಿಸುವ ಎರಡನೆಯ ಬೇಡಿಕೆಯ ಬಗ್ಗೆ ಯಾರೂ ಮಾತನಾಡಲಿಲ್ಲ, ನನ್ನ ದೃಷ್ಟಿಯಲ್ಲಿ ಇವರಿಗೆ ನಿಜವಾಗಿ ಬೇಕಾದದ್ದು ಅದೇ. ಮಾನಕ ವಿಚಲನೆ 10 ಎಂಬ ಊಹೆ ಎಲ್ಲಿಂದ ಬಂತು? ಒಂದು ವೇಳೆ ಅದು 13 ಆಗಿದ್ದರೆ, ಒಂದೇ ಹೋಲಿಕೆಯ ಲೆಕ್ಕದಲ್ಲೂ 132ರ ಬದಲು 222 ಬೇಕಾಗುತ್ತದೆ. 132ರಲ್ಲೇ ನಿಂತರೆ ಪವರ್ ಶೇ. 90ರಿಂದ ಸುಮಾರು ಶೇ. 70ಕ್ಕೆ ಕುಸಿಯುತ್ತದೆ. ಅಂದರೆ ಔಷಧ ಒಳ್ಳೆಯದಿದ್ದರೂ ಹತ್ತರಲ್ಲಿ ಮೂರು ಸಲ ಅದನ್ನು ಕಾಣದೆ ಹೋಗುತ್ತೀರಿ.

ಇದಕ್ಕೆ ಯಾವ ಗುಂಪಿನಲ್ಲಿ ಯಾರಿದ್ದಾರೆ ಎಂದು ನೋಡಬೇಕಾಗಿಯೇ ಇಲ್ಲ. ಬ್ಲೈಂಡಿಂಗ್ (ಯಾರಿಗೆ ಯಾವ ಚಿಕಿತ್ಸೆ ಎಂಬುದನ್ನು ಗುಟ್ಟಾಗಿಡುವ ಏರ್ಪಾಡು) ಕಳಚದೆ, ಎಲ್ಲ ರೋಗಿಗಳ ಅಂಕಗಳನ್ನು ಒಟ್ಟಿಗೆ ಇಟ್ಟು ವಿಚಲನೆಯನ್ನು ಅಂದಾಜಿಸಿ. ಔಷಧದ ಪರಿಣಾಮವೂ ಅದರಲ್ಲಿ ಬೆರೆತಿರುತ್ತದಲ್ಲ ಎನ್ನಬಹುದು, ಬೆರೆತಿರುತ್ತದೆ ನಿಜ, ಆದರೆ ಎರಡೂ ಡೋಸ್‌ಗಳು ಪೂರ್ಣ 4 ಅಂಕ ಕೊಟ್ಟರೂ 10ರ ಬದಲು ಸುಮಾರು 10.2 ಕಾಣುತ್ತದೆ, ಅಷ್ಟೇ. ಸಾಮಾನ್ಯವಾಗಿ ಹುಸಿ ಗೆಲುವಿನ ಪ್ರಮಾಣ ಗಮನಾರ್ಹವಾಗಿ ಏರುವುದಿಲ್ಲ, ಗುಟ್ಟೂ ಹೊರಬೀಳುವುದಿಲ್ಲ. ಸಮಯವೂ ಹೊಂದುತ್ತದೆ: ಮೊದಲ 88 ರೋಗಿಗಳು ನಾಲ್ಕನೆಯ ತಿಂಗಳಿಗೆ ಸೇರಿ, ಹತ್ತನೆಯ ತಿಂಗಳಿಗೆ ಅವರ ಅಂಕ ಸಿಗುತ್ತದೆ, ಆಗ ಸೇರಿರುವವರು 220 ಮಂದಿ ಮಾತ್ರ. ಗುರಿ ಹಿಗ್ಗಿಸಲು ಇನ್ನೂ ಸಾಕಷ್ಟು ಕಾಲವಿರುತ್ತದೆ.

ಬೇಸಿಯನ್ ಪಕ್ಷಪಾತಿ

ಗುಂಪುಗಳನ್ನು ಬೇರ್ಪಡಿಸಿ ನೋಡಿದರೆ ಇನ್ನೂ ಹೆಚ್ಚಿನ ಲಾಭವಿದೆಯಲ್ಲ? ಫಲಿತಾಂಶ ಆಶಾದಾಯಕ ವಲಯದಲ್ಲಿದ್ದರೆ ಮಾತ್ರ ಗಾತ್ರ ಹೆಚ್ಚಿಸುವ ವಿಧಾನವೂ ಇದೆ.

ಪ್ರೋಟೋಕಾಲ್ ತಿದ್ದುವವಳು

ಇದೆ. ರಕ್ತ ಕ್ಯಾನ್ಸರಿನ ಔಷಧ ವೊಸಾರೊಕ್ಸಿನ್‌ನ ವೇಲರ್ ಪ್ರಯೋಗದಲ್ಲಿ ಅದನ್ನೇ ಮಾಡಿದರು. 450 ರೋಗಿಗಳ ಯೋಜನೆಯನ್ನು ಮಧ್ಯಂತರ ನೋಟದ ನಂತರ 675ಕ್ಕೆ ಏರಿಸಿದರು, ಕೊನೆಗೆ 711 ಮಂದಿ ಸೇರಿದರು. ಬದುಕಿನ ಅವಧಿಯ ಮಧ್ಯಾಂಕ 6.1 ತಿಂಗಳಿಗೆ ಎದುರಾಗಿ ಔಷಧದ ಕಡೆ 7.5 ತಿಂಗಳು, ಮುಖ್ಯ ಪರೀಕ್ಷೆಯ ಪಿ-ಮೌಲ್ಯ 0.061, ಅಂದರೆ ಗೆಲುವಿನ ಗಡಿ ದಾಟಲಿಲ್ಲ. ಮೊದಲೇ 675ರಲ್ಲಿ ಯೋಜಿಸಿದ್ದರೆ ಏನಾಗುತ್ತಿತ್ತು ಎಂದು ವಾದಿಸುತ್ತ ಕೂರಬಹುದು, ನನಗೆ ಆ ವಾದದಲ್ಲಿ ಆಸಕ್ತಿಯಿಲ್ಲ. ನನ್ನ ಆಕ್ಷೇಪ ಬೇರೆ. ಗಾತ್ರ ಏರಿತು ಎಂಬ ಸುದ್ದಿ ಹೊರಬಿದ್ದ ಕೂಡಲೇ, ಸೂತ್ರ ಗೊತ್ತಿರುವ ಯಾರಾದರೂ ಹಿಂದಕ್ಕೆ ಲೆಕ್ಕ ಹಾಕಿ ಮಧ್ಯಂತರ ಫಲಿತಾಂಶ ಎಲ್ಲಿತ್ತೆಂದು ಊಹಿಸಬಹುದು. ಆ ಊಹೆ ವೈದ್ಯರ ಕಿವಿಗೆ ಬಿದ್ದರೆ ಮುಂದೆ ಅವರು ಯಾವ ರೋಗಿಯನ್ನು ಸೇರಿಸುತ್ತಾರೆ, ಅಂಕವನ್ನು ಹೇಗೆ ಕೊಡುತ್ತಾರೆ ಎಂಬುದೂ ಬದಲಾಗುತ್ತದೆ. ಇವರ ಪ್ರಯೋಗದಲ್ಲಿ ಫಲಿತಾಂಶವೇ ವೈದ್ಯರು ಕೊಡುವ ಅಂಕ ಎಂಬುದನ್ನು ಗಮನಿಸಿ.

ವಾರ್ಡಿನ ವೈದ್ಯೆ

ಈ ಸೋರಿಕೆ ಕಲ್ಪನೆಯಲ್ಲ. ನಾನು ಕೆಲಸ ಮಾಡಿದ ಒಂದು ಪ್ರಯೋಗದಲ್ಲಿ ಮಧ್ಯಂತರ ಸಭೆ ಮುಗಿದ ವಾರವೇ ಪ್ರಾಯೋಜಕರ ಕಡೆಯವರೊಬ್ಬರು ನಗುಮುಖದಿಂದ ಕೇಂದ್ರಕ್ಕೆ ಬಂದು, ಸೇರ್ಪಡೆ ಚುರುಕುಗೊಳಿಸಿ ಎಂದಷ್ಟೇ ಹೇಳಿ ಹೋದರು. ಅವರಿಗೆ ಏನೂ ಗೊತ್ತಿರಲಿಲ್ಲ ಎಂದು ನಂತರ ತಿಳಿಯಿತು. ಆದರೆ ಆ ನಗುವನ್ನು ನೋಡಿದ ನಮ್ಮ ಕೇಂದ್ರದ ಎಲ್ಲರೂ ಔಷಧ ಗೆಲ್ಲುತ್ತಿದೆ ಎಂದೇ ನಂಬಿ ಆರು ತಿಂಗಳು ಕೆಲಸ ಮಾಡಿದೆವು.

ಸಂಶೋಧನಾ ವಿದ್ಯಾರ್ಥಿ

ನಗುವಿಗೂ ಬ್ಲೈಂಡಿಂಗ್ ಬೇಕು ಎಂದಾಯಿತು.

ಗಡಿಯಾರ ನೋಡುವವ

ಲಾಭವಿಲ್ಲವೆಂದು ಬೇಗ ನಿಲ್ಲಿಸುವ ವಿಷಯದಲ್ಲೂ ಎಚ್ಚರ ಬೇಕು, ಅದು ಉಚಿತವೆಂದು ಬಹಳ ಜನ ಭಾವಿಸಿದ್ದಾರೆ. ಆಲ್ಝೈಮರ್ ಕಾಯಿಲೆಯ ಅಡುಕನುಮ್ಯಾಬ್ ಕಥೆ ನೆನಪಿಸಿಕೊಳ್ಳಿ. ಎಮರ್ಜ್ ಮತ್ತು ಎಂಗೇಜ್ ಎಂಬ ಎರಡು ಪ್ರಯೋಗಗಳನ್ನು ಗೆಲ್ಲುವ ಸಾಧ್ಯತೆ ಕಡಿಮೆ ಎಂಬ ಲೆಕ್ಕದ ಮೇಲೆ 2019ರ ಮಾರ್ಚ್‌ನಲ್ಲಿ ನಿಲ್ಲಿಸಿದರು. ಆ ಲೆಕ್ಕದಲ್ಲಿ ಎರಡೂ ಪ್ರಯೋಗಗಳ ದತ್ತಾಂಶವನ್ನು ಒಟ್ಟುಗೂಡಿಸಿ, ಪರಿಣಾಮ ಎರಡರಲ್ಲೂ ಒಂದೇ ರೀತಿ ಇರುತ್ತದೆಂದು ಊಹಿಸಿದ್ದರು. ಅದೇ ವರ್ಷದ ಅಕ್ಟೋಬರ್‌ನಲ್ಲಿ, ಪೂರ್ಣ ದತ್ತಾಂಶದಲ್ಲಿ ಎಮರ್ಜ್ ಗೆದ್ದಿದೆ, ಎಂಗೇಜ್ ಸೋತಿದೆ ಎಂದು ಕಂಪನಿ ಹೇಳಿತು. ನಿಲ್ಲಿಸಿಬಿಟ್ಟ ಪ್ರಯೋಗಗಳಿಂದ ತೀರ್ಪು ಕೊಡುವುದು ಹೇಗೆ? 2020ರ ನವೆಂಬರ್‌ನಲ್ಲಿ ಸಲಹಾ ಸಮಿತಿ ವಿರುದ್ಧವಾಗಿ ಮತ ಹಾಕಿತು, 2021ರ ಜೂನ್‌ನಲ್ಲಿ ಎಫ್‌ಡಿಎ ತ್ವರಿತ ಅನುಮೋದನೆ ಕೊಟ್ಟಿತು, 2024ರಲ್ಲಿ ಕಂಪನಿಯೇ ಔಷಧವನ್ನು ಕೈಬಿಟ್ಟಿತು. ಔಷಧ ಒಳ್ಳೆಯದೋ ಕೆಟ್ಟದ್ದೋ ಎಂಬ ಜಗಳ ಬೇರೆ. ಆದರೆ ಆ ಒಂದು ಮಧ್ಯಂತರ ನೋಟವಿಲ್ಲದಿದ್ದರೆ ಜಗಳಕ್ಕೆ ಇಷ್ಟು ಮೇವು ಸಿಗುತ್ತಿರಲಿಲ್ಲ.

ಹಳೆಯ ಲೆಕ್ಕಿಗ

ಬೇಗ ನಿಂತು ಗೆದ್ದ ಪ್ರಯೋಗಗಳ ಅಂದಾಜು ಉಬ್ಬಿರುತ್ತದೆ ಎಂಬುದನ್ನೂ ಸೇರಿಸಿ. ಅದೃಷ್ಟವಶಾತ್ ಮೇಲಕ್ಕೆ ಹೋದ ಕ್ಷಣದಲ್ಲೇ ಗಡಿ ದಾಟುವುದರಿಂದ ಹೀಗಾಗುತ್ತದೆ. 2010ರಲ್ಲಿ ಪ್ರಕಟವಾದ ಒಂದು ಅಧ್ಯಯನ ಬೇಗ ನಿಂತ 91 ಪ್ರಯೋಗಗಳನ್ನು, ಅದೇ ಪ್ರಶ್ನೆ ಕೇಳಿ ಪೂರ್ಣಗೊಂಡ 424 ಪ್ರಯೋಗಗಳ ಜೊತೆ ಹೋಲಿಸಿ, ಸಾಪೇಕ್ಷ ಅಪಾಯಗಳ ಅನುಪಾತ 0.71 ಎಂದು ತೋರಿಸಿತು, ಅಂದರೆ ಬೇಗ ನಿಂತವುಗಳಲ್ಲಿ ಚಿಕಿತ್ಸೆಯ ಲಾಭ ಹೆಚ್ಚು ದೊಡ್ಡದಾಗಿ ಕಂಡಿತ್ತು.

ಬೇಸಿಯನ್ ಪಕ್ಷಪಾತಿ

ಆ ಹೋಲಿಕೆಯೇ ವಾಲಿದೆ. ಬೇಗ ನಿಂತವನ್ನು ಒಂದು ಕಡೆ ಆರಿಸಿಟ್ಟರೆ, ಉಳಿದ ಕಡೆ ಸಹಜವಾಗಿಯೇ ಕಡಿಮೆ ಪರಿಣಾಮ ಕಂಡವೇ ಉಳಿಯುತ್ತವೆ. ಎರಡನ್ನೂ ಸೇರಿಸಿ ಸರಾಸರಿ ತೆಗೆದರೆ ಉಬ್ಬರ ಬಹುಮಟ್ಟಿಗೆ ಇಳಿಯುತ್ತದೆ.

ಹಳೆಯ ಲೆಕ್ಕಿಗ

ಸರಾಸರಿಗೆ ಆ ಮಾತು ಒಪ್ಪಬಹುದು. ಒಂದೇ ಪ್ರಯೋಗವನ್ನು ಓದುತ್ತಿರುವ ವೈದ್ಯರಿಗೆ ಸರಾಸರಿ ಸಿಗುವುದಿಲ್ಲ, ಉಬ್ಬಿದ ಸಂಖ್ಯೆ ಸಿಗುತ್ತದೆ.

ದತ್ತಾಂಶದ ಕಾವಲುಗಾರ

ಮೊದಲೇ ಬರೆದಿರಬೇಕು ಎಂಬ ನಿಯಮದ ಬಗ್ಗೆ ಒಂದು ಉಪಕಥೆ. ಫೈಝರ್ ಕೋವಿಡ್ ಲಸಿಕೆಯ ಪ್ರಯೋಗದಲ್ಲಿ 32 ರೋಗ ಪ್ರಕರಣಗಳಾದಾಗ ಮೊದಲ ನೋಟ ಎಂದು ಯೋಜನೆಯಿತ್ತು. ನಿಯಂತ್ರಕರೊಂದಿಗೆ ಚರ್ಚಿಸಿ ಆ ನೋಟವನ್ನು ಕೈಬಿಟ್ಟರು. 2020ರ ನವೆಂಬರ್‌ನಲ್ಲಿ ನೋಡುವಾಗ 94 ಪ್ರಕರಣಗಳಾಗಿದ್ದವು, ಅಂತಿಮ ವಿಶ್ಲೇಷಣೆಯಲ್ಲಿ 170. ಅದರಲ್ಲಿ 162 ಪ್ಲಸೀಬೊ ಕಡೆ, 8 ಲಸಿಕೆಯ ಕಡೆ. ಅಂದರೆ ಬರೆದಿಟ್ಟ ಯೋಜನೆಯನ್ನೂ ತಿದ್ದಬಹುದು, ಆದರೆ ಗುಂಪುವಾರು ದತ್ತಾಂಶ ನೋಡುವುದಕ್ಕೆ ಮೊದಲು, ನಿಯಂತ್ರಕರಿಗೆ ತಿಳಿಸಿ, ದಿನಾಂಕ ಹಾಕಿ ತಿದ್ದಬೇಕು.

ವಾರ್ಡಿನ ವೈದ್ಯೆ

ರೋಗಿಗಳ ಒಪ್ಪಿಗೆ ಪತ್ರದ ಮಾತು ಯಾರೂ ಎತ್ತಲಿಲ್ಲ. ನಡುವೆ ಗುಂಪು ನಿಲ್ಲಬಹುದು, ಗಾತ್ರ ಬದಲಾಗಬಹುದು ಎಂಬುದನ್ನು ರೋಗಿಗೆ ಅರ್ಥವಾಗುವ ಭಾಷೆಯಲ್ಲಿ ಬರೆಯುವುದು ನಿಮ್ಮ ಸೂತ್ರಗಳಿಗಿಂತ ಕಷ್ಟ. ನಾನು ಪ್ರಯತ್ನಿಸಿ ಮೂರು ಸಲ ಹರಿದುಹಾಕಿದ್ದೇನೆ.

ಕಿರಿಯ ಸಂಖ್ಯಾಶಾಸ್ತ್ರಿ

ಎಲ್ಲರಿಗೂ ಕೃತಜ್ಞತೆ. ನಿನ್ನೆ ಮುಖ್ಯ ಸಂಶೋಧಕರ ಮುಂದೆ ಆ ಹದಿನೈದನೆಯ ತಿಂಗಳ ಲೆಕ್ಕವನ್ನು ಕಾಗದದ ಮೇಲೆ ಬರೆದು ತೋರಿಸಿದೆ. ಅವರು ಬಹಳ ಹೊತ್ತು ಅದನ್ನೇ ನೋಡಿ, ಡೋಸ್ ಕೈಬಿಡುವ ಯೋಚನೆಯನ್ನು ತಾವಾಗಿಯೇ ಬಿಟ್ಟರು. ಹಂಚಿಕೆಯನ್ನು ವಾಲಿಸುವ ಏರ್ಪಾಡಂತೂ ಅದಕ್ಕೂ ಮೊದಲೇ ಹೋಯಿತು. ಪ್ರತಿ ಗುಂಪಿಗೆ 156ರಿಂದ ಆರಂಭಿಸಿ, ಮೊದಲ 88 ರೋಗಿಗಳ ಆರು ತಿಂಗಳ ಅಂಕ ಸಿಕ್ಕಾಗ ಬ್ಲೈಂಡಿಂಗ್ ಕಳಚದೆ ವಿಚಲನೆಯನ್ನು ಅಂದಾಜಿಸುವುದು, ಅದು 13ರವರೆಗೆ ಏರಿದರೆ ಪ್ರತಿ ಗುಂಪಿಗೆ 263ರವರೆಗೆ ಹೋಗುವುದು, ಯಾವ ಕಾರಣಕ್ಕೂ 156ಕ್ಕಿಂತ ಕೆಳಗೆ ಇಳಿಯದಿರುವುದು ಎಂದು ತೀರ್ಮಾನಿಸಿದ್ದೇವೆ. ಸುರಕ್ಷತೆಗಾಗಿ ಸ್ವತಂತ್ರ ಸಮಿತಿ ಇದ್ದೇ ಇರುತ್ತದೆ.

ಪ್ರೋಟೋಕಾಲ್‌ನ ಶೀರ್ಷಿಕೆಯಲ್ಲಿ ಅಡಾಪ್ಟಿವ್ ಎಂಬ ಪದವನ್ನು ಉಳಿಸಿಕೊಳ್ಳಬಹುದೇ ಎಂದು ಮಾತ್ರ ಅವರು ಇನ್ನೂ ಕೇಳುತ್ತಿದ್ದಾರೆ.

ಪ್ರೋಟೋಕಾಲ್ ತಿದ್ದುವವಳು

ಉಳಿಸಿಕೊಳ್ಳಲಿ ಬಿಡಿ. ಮೊದಲ ರೋಗಿ ಸೇರುವ ಮುನ್ನ ಆ 263ರ ಮೇಲ್ಮಿತಿಗೆ ಹಣ ಒದಗಿಸುವವರ ಸಹಿ ಹಾಕಿಸಿಕೊಳ್ಳಿ, ಹತ್ತನೆಯ ತಿಂಗಳಲ್ಲಿ ಕೇಳಲು ಹೋದರೆ ಸಿಗುವುದಿಲ್ಲ.